ಹಾಲಿನ ಗಾಡಿ ದಿನಾ ಬರುತ್ತದೆ, ಡಾಕ್ಟರ್ ಗಾಡಿ ತಿಂಗಳಿಗೊಂದು ಸಲವಾದರೂ ತಪ್ಪದೆ ಬರಲಿ

ಆರೋಗ್ಯ ಇಲಾಖೆಯ ಆಯುಕ್ತರಿಗೆ, ಸಚಿವರಿಗೆ, ಮತ್ತು ಹಳ್ಳಿಗಳಿಗೆ ಆಸ್ಪತ್ರೆ ವ್ಯಾನ್ ಕೊಡಿಸುವ ಬೆಂಗಳೂರಿನ ಕಂಪನಿಗಳವರಿಗೆ,

ನಮಸ್ಕಾರ.

ನಾನು ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಒಂದು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಪ್ರತಿ ತಿಂಗಳು ಎರಡನೇ ಭಾನುವಾರ ಮತ್ತು ನಾಲ್ಕನೇ ಭಾನುವಾರ ರಜೆ ಹಾಕಿ, ಇಬ್ಬರು ಡಾಕ್ಟರ್, ಒಬ್ಬ ನರ್ಸ್ ಅಕ್ಕ ಮತ್ತು ಡ್ರೈವರ್ ಅಣ್ಣನ ಜೊತೆ ಒಂದು ಹಳೇ ವ್ಯಾನ್‌ನಲ್ಲಿ ಮಾಗಡಿ ತಾಲೂಕಿನ ನಾಲ್ಕು ಊರಿಗೆ ಹೋಗಿ ಬರುತ್ತೇನೆ. ಎರಡನೇ ಭಾನುವಾರ ಎರಡು ಊರು, ನಾಲ್ಕನೇ ಭಾನುವಾರ ಇನ್ನೆರಡು. ಬೆಳಿಗ್ಗೆ ಐದಕ್ಕೆ ಸುಮನಹಳ್ಳಿ ಹತ್ತಿರ ಎಲ್ಲರೂ ಸೇರುತ್ತೇವೆ. ತಾವರೆಕೆರೆ ದಾಟುವ ಹೊತ್ತಿಗೆ ಬೆಳಕು ಹರಿಯುತ್ತದೆ. ದೊಡ್ಡ ಸೇವೆ ಅಂತ ಇದನ್ನು ಹೇಳಿಕೊಳ್ಳುತ್ತಿಲ್ಲ. ನಾಲ್ಕೇ ಊರು. ಆದರೆ ಈ ನಾಲ್ಕು ಊರಿನಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡಲೇಬೇಕು ಅನ್ನಿಸಿದೆ.

ಶುರುವಾಗಿದ್ದು ನನ್ನ ದೊಡ್ಡಮ್ಮನಿಂದ.

ದೊಡ್ಡಮ್ಮ ಇರುವುದು ಮಾಗಡಿಯಿಂದ ಆಚೆ, ಗುಡ್ಡದ ಬುಡದಲ್ಲಿರುವ ಮೂವತ್ತು ನಲವತ್ತು ಮನೆಯ ಒಂದು ಹಟ್ಟಿಯಲ್ಲಿ. ಕೆಲವು ವರ್ಷದ ಹಿಂದೆ ಆ ಊರಿಗೆ ಒಂದು ಆಸ್ಪತ್ರೆ ವ್ಯಾನ್ ಬಂತು. ಶಾಮಿಯಾನ ಹಾಕಿದ್ದರು, ಬ್ಯಾನರ್ ಕಟ್ಟಿದ್ದರು, ಎಲ್ಲರಿಗೂ ಬಾಳೆಹಣ್ಣು ಬಿಸ್ಕತ್ತು ಕೊಟ್ಟರು. ದೊಡ್ಡಮ್ಮನ ಬೆರಳು ಚುಚ್ಚಿ ನೋಡಿದರೆ ಶುಗರ್ 312. ಐದು ದಿನದ ಮಾತ್ರೆ ಕೊಟ್ಟು, ಸಿಹಿ ತಿನ್ನಬೇಡಿ, ಮುಂದಿನ ತಿಂಗಳು ಮತ್ತೆ ಬರ್ತೀವಿ ಅಂತ ಹೇಳಿ ಹೋದರು. ದೊಡ್ಡಮ್ಮ ಕಾಫಿಗೆ ಬೆಲ್ಲ ಹಾಕುವುದನ್ನು ಅವತ್ತೇ ಬಿಟ್ಟರು. ಚೀಟಿಯನ್ನು ಮಡಿಸಿ ದೇವರ ಪಟದ ಹಿಂದೆ ಇಟ್ಟರು. ವ್ಯಾನ್ ಮತ್ತೆ ಬರಲಿಲ್ಲ. ಅವರಿಗೆ ನೋವಿಲ್ಲ, ಜ್ವರ ಇಲ್ಲ, ಹಾಗಾಗಿ ವಾಸಿಯಾಯಿತು ಅಂದುಕೊಂಡರು. ಹನ್ನೊಂದು ತಿಂಗಳಾದ ಮೇಲೆ ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ಚಪ್ಪಲಿಯೊಳಗೆ ಒಂದು ಕಲ್ಲು ಸೇರಿಕೊಂಡಿದೆ, ಸಂಜೆವರೆಗೂ ಅವರಿಗೆ ಗೊತ್ತೇ ಆಗಿಲ್ಲ. ಶುಗರ್ ಬಹಳ ಕಾಲ ಜಾಸ್ತಿ ಇದ್ದರೆ ಕಾಲಿನ ನರ ಹೀಗೆಯೇ ಸತ್ತುಹೋಗಬಹುದು, ಆಗ ಸ್ಪರ್ಶ ತಿಳಿಯುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚಿದರು, ಬಟ್ಟೆ ಕಟ್ಟಿದರು. ವಾಸನೆ ಬರಲು ಶುರುವಾದ ಮೇಲೆ ಅಣ್ಣ ಬೆಂಗಳೂರಿಗೆ ಕರೆದುಕೊಂಡು ಬಂದ. ಎರಡು ಬೆರಳು ತೆಗೆದರು.

ನಾನು ಅಂಗಡಿಯಲ್ಲಿ ದಿನಕ್ಕೆ ನೂರು ಜನಕ್ಕೆ ಶುಗರ್ ಮಾತ್ರೆ ಎಣಿಸಿ ಕೊಡುವವಳು. ಐವತ್ತು ಕಿಲೋಮೀಟರ್ ಆಚೆ ನಮ್ಮ ದೊಡ್ಡಮ್ಮನಿಗೆ ಮಾತ್ರೆ ಇಲ್ಲ. ಯಾಕೆ ನನಗೆ ಒಂದು ಫೋನ್ ಮಾಡಲಿಲ್ಲ ಅಂತ ಆಸ್ಪತ್ರೆಯಲ್ಲಿ ಅತ್ತುಕೊಂಡು ಕೇಳಿದೆ. ಅವರು ಹೇಳಿದ್ದು ಇಷ್ಟೇ. "ಬತ್ತೀವಿ ಅಂದಿದ್ರು ಕಣವ್ವ, ಕಾಯ್ತಿದ್ದೆ."

ಆ ವ್ಯಾನ್ ಯಾರದು ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಬಂದವರ ಮನಸ್ಸು ಕೆಟ್ಟದಾಗಿತ್ತು ಅಂತಲೂ ಅನ್ನುವುದಿಲ್ಲ. ಅವರು ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಕೆಲಸ ಮಾಡಿದ್ದಾರೆ. ಆದರೆ ಬಿಪಿ, ಶುಗರ್ ಅನ್ನುವುದು ಒಂದು ದಿನದ ಕ್ಯಾಂಪಿನಲ್ಲಿ ಮುಗಿಯುವ ಕಾಯಿಲೆ ಅಲ್ಲ. ಜ್ವರಕ್ಕೆ ಐದು ದಿನದ ಮಾತ್ರೆ ಸಾಕು. ಶುಗರ್‌ಗೆ ಐದು ದಿನದ ಮಾತ್ರೆ ಕೊಟ್ಟು ಹೋದರೆ ಏನು ಉಪಯೋಗ ಹೇಳಿ? ಕಾಯಿಲೆ ಇದೆ ಅಂತ ತಿಳಿಸಿದ ಮೇಲೆ ಜೀವನಪೂರ್ತಿ ಮಾತ್ರೆಯ ದಾರಿಯನ್ನೂ ತೋರಿಸಬೇಕು, ಅಲ್ವಾ? ಇಲ್ಲದಿದ್ದರೆ ಅವರು ಕಾಯುತ್ತಾ ಕೂರುತ್ತಾರೆ, ನಮ್ಮ ದೊಡ್ಡಮ್ಮನ ಥರ.

ನನ್ನ ಕೇಳಿಕೆ ಒಂದೇ. ಸಂಚಾರಿ ಆಸ್ಪತ್ರೆ ಗಾಡಿಗೆ ಒಂದು ದಿನ ಗೊತ್ತು ಮಾಡಿ. ಆ ದಿನ, ಆ ಹೊತ್ತಿಗೆ, ಆ ಜಾಗಕ್ಕೆ ಪ್ರತಿ ತಿಂಗಳೂ ಬರಲಿ. ಮಳೆ ಬಂದರೂ ಬರಲಿ, ಸಚಿವರ ಕಾರ್ಯಕ್ರಮ ಇದ್ದರೂ ಬರಲಿ. ಮೂವತ್ತು ದಿನದ ಮಾತ್ರೆ ಒಟ್ಟಿಗೆ ಕೊಟ್ಟು ಹೋಗಲಿ.

ನಿಯಮದಲ್ಲಿ ಇದೆಲ್ಲ ಇಲ್ಲ ಅಂತಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಕಾಲದಿಂದಲೂ ಸಂಚಾರಿ ಆರೋಗ್ಯ ಘಟಕಗಳಿಗೆ ದುಡ್ಡು ಇಟ್ಟಿದ್ದಾರೆ. ಕೇಂದ್ರದ ಲೆಕ್ಕದ ಪ್ರಕಾರ 10 ಲಕ್ಷ ಜನಕ್ಕೆ ಒಂದು ಗಾಡಿ, ಒಂದು ಜಿಲ್ಲೆಗೆ ಹೆಚ್ಚೆಂದರೆ ಐದು. ಈಗ ನಮ್ಮ ಕಡೆಯ ಲೆಕ್ಕ ನೋಡಿ. ಬೆಂಗಳೂರು ದಕ್ಷಿಣ ಅಂತ ಈಗ ಹೆಸರಾಗಿರುವ ರಾಮನಗರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 10.8 ಲಕ್ಷ ಜನ. ಅಂದರೆ ಕನಕಪುರದ ಕಾಡಂಚಿನಿಂದ ಮಾಗಡಿಯ ಗುಡ್ಡದವರೆಗೆ, ಆ ಲೆಕ್ಕದಲ್ಲಿ, ಒಂದು ಗಾಡಿ. ಒಂದು ಗಾಡಿ ದಿನಕ್ಕೆ ಎರಡು ಊರು ಮುಗಿಸಿದರೂ ತಿಂಗಳಿಗೆ ಇಪ್ಪತ್ತೈದು ದಿನದಲ್ಲಿ ಐವತ್ತು ಊರು. ಮಾಗಡಿ ತಾಲೂಕು ಒಂದರಲ್ಲೇ ನೂರಾರು ಹಳ್ಳಿ ಇವೆ. ಎಲ್ಲಾ ಊರಿಗೂ ಹೋಗಬೇಕು ಅಂತ ಹೊರಟರೆ ಒಂದು ಊರಿಗೆ ಮತ್ತೆ ಬರಲು ವರ್ಷ ಬೇಕು. ಅದಕ್ಕೇ ಹೇಳುತ್ತಿದ್ದೇನೆ, ಜನಸಂಖ್ಯೆ ನೋಡಿ ಗಾಡಿ ಹಂಚಬೇಡಿ, ದೂರ ನೋಡಿ ಹಂಚಿ. ಬಸ್ಸಿಲ್ಲದ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿಗೆ) ದೂರವಾದ ಐವತ್ತು ಊರು ಆರಿಸಿಕೊಳ್ಳಿ. ಆ ಐವತ್ತಕ್ಕೆ ಪ್ರತಿ ತಿಂಗಳು ಹೋಗಿ. ವರ್ಷಕ್ಕೊಮ್ಮೆ ಆರುನೂರು ಊರು ನೋಡಿದೆವು ಅನ್ನುವ ವರದಿ ಓದಲು ಚೆನ್ನಾಗಿರುತ್ತದೆ, ಆದರೆ ಅದರಿಂದ ಒಬ್ಬರ ಬಿಪಿಯೂ ಇಳಿಯುವುದಿಲ್ಲ.

ಪಿಎಚ್‌ಸಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಅಂತ ನಿಯಮ ಇದೆ. ಅಲ್ಲಿನ ಡಾಕ್ಟರ್‌ಗಳಲ್ಲಿ ತುಂಬಾ ಒಳ್ಳೆಯವರನ್ನು ನಾನು ನೋಡಿದ್ದೇನೆ. ಆದರೆ ನಾವು ಹೋಗುವ ಒಂದು ಊರಿನಿಂದ ಬಸ್ಸು ನಿಲ್ಲುವ ರಸ್ತೆಗೇ ನಾಲ್ಕು ಕಿಲೋಮೀಟರ್ ನಡೆಯಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಯಿತು, ಇದರಿಂದ ಎಷ್ಟೋ ಜನ ಧೈರ್ಯವಾಗಿ ತಾಲೂಕು ಆಸ್ಪತ್ರೆಗೆ ಹೋಗುತ್ತಿದ್ದಾರೆ, ಅದು ನಿಜವಾಗಿಯೂ ದೊಡ್ಡ ವಿಷಯ. ಮಂಡಿ ನೋವಿರುವ ಅರವತ್ತೈದರ ಹೆಂಗಸಿಗೆ ಆ ಫ್ರೀ ಬಸ್ಸು ಹತ್ತಲು ಮೊದಲು ನಾಲ್ಕು ಕಿಲೋಮೀಟರ್ ಇದೆ. ಆಟೋ ಮಾಡಿಸಿದರೆ ಹೋಗಿ ಬರಲು ಒಂದು ದಿನದ ಕೂಲಿ ಖಾಲಿ. ಜೊತೆಗೆ ಹೋದವರ ಕೂಲಿಯೂ ಹೋಯಿತು. ಇಷ್ಟೆಲ್ಲ ಆಗಿ ಸಿಗುವುದು ದಿನಕ್ಕೊಂದು ನುಂಗುವ ಬಿಪಿ ಮಾತ್ರೆ. ನೋವೇ ಇಲ್ಲದ ಕಾಯಿಲೆಗೆ ಯಾರು ಇಷ್ಟು ಕಷ್ಟಪಡುತ್ತಾರೆ?

108 ಆಂಬುಲೆನ್ಸ್ ಇದೆ ಅನ್ನುವವರೂ ಇದ್ದಾರೆ. 2008ರಿಂದ ಆ ಗಾಡಿ ಎಷ್ಟು ಜೀವ ಉಳಿಸಿದೆ ಅಂತ ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ಆದರೆ ಅದು ಬರುವುದು ಲಕ್ವ ಹೊಡೆದ ಮೇಲೆ. ನಾನು ಕೇಳುತ್ತಿರುವುದು ಲಕ್ವ ಹೊಡೆಯದ ಹಾಗೆ ನೋಡಿಕೊಳ್ಳುವ ಗಾಡಿ.

ಈಗ ಹಾಲಿನ ಗಾಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ನಾಲ್ಕು ಊರಿಗೂ ಬೆಂಗಳೂರು ಹಾಲು ಒಕ್ಕೂಟದ (ಬಮುಲ್‌ನ) ಹಾಲಿನ ಗಾಡಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರುತ್ತದೆ. ಬಸ್ಸಿಲ್ಲದ ಊರಿಗೂ ಬರುತ್ತದೆ. ಹಬ್ಬದ ದಿನವೂ ಬರುತ್ತದೆ, ಯಾಕೆಂದರೆ ಹಸುವಿಗೆ ಹಬ್ಬ ಇಲ್ಲ. ಬೆಳಿಗ್ಗೆ ಆರೂವರೆಗೆ ಡೈರಿ ಮುಂದೆ ಇಡೀ ಊರು ಇರುತ್ತದೆ. ಕ್ಯಾನು ಹಿಡಿದವರು, ಕೈಯಲ್ಲಿ ಪಾಸ್‌ಬುಕ್ ಹಿಡಿದವರು, ಮೊಮ್ಮಗನನ್ನು ಸೊಂಟದಲ್ಲಿ ಎತ್ತಿಕೊಂಡವರು. ನಾವು ಮೊದಮೊದಲು ಹನ್ನೊಂದು ಗಂಟೆಗೆ ಹೋಗಿ ಶಾಲೆ ಮುಂದೆ ನಿಲ್ಲಿಸುತ್ತಿದ್ದೆವು. ಆಗ ಬರುತ್ತಿದ್ದದ್ದು ಹೊಲಕ್ಕೆ ಹೋಗಲಾರದ ನಾಲ್ಕೈದು ಮುದುಕರು ಮಾತ್ರ. ಗಂಡಸರು ಕೂಲಿಗೆ, ಹೆಂಗಸರು ಕಳೆ ಕೀಳಲು ಹೋಗಿರುತ್ತಿದ್ದರು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರಿಗೆ ಭಾನುವಾರ ಒಂದೇ ರಜೆ, ಅವರು ಅಷ್ಟು ಹೊತ್ತಿಗೆ ಬಟ್ಟೆ ಒಗೆಯಲು ಹೋಗಿರುತ್ತಿದ್ದರು. ಡೈರಿ ಸೆಕ್ರೆಟರಿ ಒಬ್ಬರು, ಅಣ್ಣ ಅಂತಲೇ ಕರೆಯುತ್ತೇವೆ, ಅವರೇ ಒಂದು ದಿನ ಹೇಳಿದರು. "ಅಲ್ಲಾ ಮೇಡಂ, ಹಾಲಿನ್ ಟೈಮ್ಗೆ ಬನ್ನಿ, ನಾನೇ ಎಲ್ರುನ್ನೂ ನಿಲ್ಸ್‌ತೀನಿ."

ಅವತ್ತಿನಿಂದ ಎಲ್ಲ ಬದಲಾಯಿತು. ಹಿಂದಿನ ದಿನ ಸಂಜೆ ಹಾಲು ಹಾಕಲು ಬಂದವರಿಗೆಲ್ಲ ಅವರೇ, ನಾಳೆ ಡಾಕ್ಟರ್ ಬರ್ತಾರೆ, ಕಾಫಿ ಕುಡೀದೇ ಬನ್ನಿ ಅಂತ ಹೇಳುತ್ತಾರೆ. ಹಾಗಾಗಿ ಬೆಳಿಗ್ಗೆ ಬರಿ ಹೊಟ್ಟೆಯ ಶುಗರ್ ಸರಿಯಾಗಿ ಸಿಗುತ್ತದೆ. ಯಾರು ಬಂದಿಲ್ಲ ಅಂತ ಸೆಕ್ರೆಟರಿಗೆ ಗೊತ್ತಾಗುತ್ತದೆ, ಯಾಕೆಂದರೆ ಯಾರ ಮನೆಯ ಹಾಲು ಬಂದಿಲ್ಲ ಅಂತ ಅವರ ಪುಸ್ತಕದಲ್ಲೇ ಇರುತ್ತದೆ. ಒಮ್ಮೆ ಒಬ್ಬ ಅಜ್ಜನ ಮನೆಯಿಂದ ಎರಡು ದಿನ ಹಾಲು ಬಂದಿರಲಿಲ್ಲ ಅಂತ ಸೆಕ್ರೆಟರಿಯೇ ನಮ್ಮನ್ನು ಕರೆದುಕೊಂಡು ಹೋದರು. ಅಜ್ಜ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ್ದರು. ಕಫದ ಪರೀಕ್ಷೆಗೆ ಕಳಿಸಿದೆವು. ಟಿಬಿ ಇತ್ತು. ಈಗ ಸರ್ಕಾರಿ ಮಾತ್ರೆ ನುಂಗುತ್ತಿದ್ದಾರೆ, ಹಾಲೂ ಬರುತ್ತಿದೆ.

ಇಲಾಖೆಯ ಗಾಡಿಗಳು ಹೊರಡುವುದು ಆಫೀಸ್ ಟೈಮಿಗೆ. ಹತ್ತಕ್ಕೆ ಹೊರಟು, ಹನ್ನೊಂದೂವರೆಗೆ ಊರು ತಲುಪಿ, ಊಟಕ್ಕೆ ಮೊದಲು ಮುಗಿಸಿದರೆ ದುಡಿಯುವ ಒಬ್ಬರೂ ಸಿಗುವುದಿಲ್ಲ. ಸಿಬ್ಬಂದಿಗೆ ಬೆಳಿಗ್ಗೆ ಬೇಗ ಬರಲು ಕಷ್ಟ ಅಂತ ನನಗೂ ಗೊತ್ತು. ಹಾಗಾದರೆ ಸಂಜೆ ಹಾಲಿನ ಹೊತ್ತಿಗೆ ಬರಲಿ. ಬೆಳಗಿನ ಕೆಲಸಕ್ಕೆ ಮಧ್ಯಾಹ್ನ ರಜೆ ಕೊಡಿ. ಗಾಡಿಯ ಟೈಮ್ ಊರಿನ ಟೈಮ್‌ಗೆ ಹೊಂದಲಿ.

ಮಾತ್ರೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಇದು ನನ್ನ ಕೆಲಸ. ಒಬ್ಬ ಅಜ್ಜಿ ಪ್ರತಿ ಸಲ ಸೆರಗಿನ ತುದಿಯ ಗಂಟು ಬಿಚ್ಚಿ, ಅದರಲ್ಲಿ ಎಲೆ ಅಡಿಕೆಯ ಚೂರಿನ ಜೊತೆ ಇಟ್ಟ ಮಾತ್ರೆಯ ತಗಡಿನ ತುಂಡು ತೆಗೆದು ನನ್ನ ಅಂಗೈಯಲ್ಲಿ ಇಡುತ್ತಾರೆ. ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿರುವ ತುಂಡು. ಒಂದು ಕಡೆ ಅರ್ಧ ಅಕ್ಷರ ಇದೆ, ಹೆಸರು ಇಲ್ಲ, ಎಕ್ಸ್‌ಪೈರಿ ಡೇಟ್ ಇಲ್ಲ. "ಇದೇ ಕೊಡವ್ವ" ಅನ್ನುತ್ತಾರೆ. ಯಾವುದು ಅಂತ ನಾನು ಹೇಗೆ ಹೇಳಲಿ? ಒಂದು ಸಲ ಆ ಗಂಟಿನಲ್ಲಿ ಎರಡು ಥರದ ಮಾತ್ರೆ ಇತ್ತು. ಬಿಳಿಯದು ಒಂದು, ಗುಲಾಬಿ ಬಣ್ಣದ್ದು ಒಂದು. ಬೇರೆ ಬೇರೆ ಕಾಯಿಲೆಗೆ ಅಂದುಕೊಂಡು ಎರಡನ್ನೂ ನುಂಗುತ್ತಿದ್ದರು. ಎರಡೂ ಒಂದೇ ಬಿಪಿ ಮಾತ್ರೆ, ಕಂಪನಿ ಬೇರೆ, ಬಣ್ಣ ಬೇರೆ. ತಲೆ ತಿರುಗಿ ಬಚ್ಚಲಲ್ಲಿ ಬಿದ್ದಿದ್ದರು, ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಓದಲು ಬಾರದವರು ಮಾತ್ರೆಯನ್ನು ಗುರುತು ಹಿಡಿಯುವುದು ಬಣ್ಣದಿಂದ. ಟೆಂಡರ್ ಬದಲಾದಾಗ ಮಾತ್ರೆ ಬಣ್ಣವೂ ಬದಲಾಗುತ್ತದೆ, ಇದನ್ನು ಹೇಳುವವರು ಯಾರೂ ಇರುವುದಿಲ್ಲ. ದಯವಿಟ್ಟು ಪೂರ್ತಿ ಸ್ಟ್ರಿಪ್ ಕೊಡಿ, ಕತ್ತರಿಸಬೇಡಿ. ಕಾಗದದ ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಕೊಡಿ. ನಾನು ಹಾಗೇ ಮಾಡುತ್ತೇನೆ. ಸೂರ್ಯ ಇದ್ದರೆ ಬೆಳಿಗ್ಗೆ, ಚಂದ್ರ ಇದ್ದರೆ ರಾತ್ರಿ. ಬಣ್ಣ ಬದಲಾದರೆ ಹಳೆಯದನ್ನು ವಾಪಸ್ ತೆಗೆದುಕೊಂಡು ಹೊಸದನ್ನು ಕೈಗೆ ಕೊಟ್ಟು ಹೇಳಬೇಕು. ಇದಕ್ಕೆ ಒಬ್ಬರಿಗೆ ಎರಡು ನಿಮಿಷ ಬೇಕು, ಅಷ್ಟೇ. ಆದರೆ ಎರಡು ನಿಮಿಷ ಮಾತಾಡುವ ಫಾರ್ಮಸಿಸ್ಟ್ ಗಾಡಿಯಲ್ಲಿ ಇರಬೇಕು.

ಹೆಂಗಸರ ವಿಷಯ. 2019-20ರ ಸುತ್ತಿನಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ. ನಮ್ಮ ನರ್ಸ್ ಅಕ್ಕ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರೆ ಬಿಳುಚಿಕೊಂಡಿರುವುದು ಒಬ್ಬರಾದ ಮೇಲೆ ಒಬ್ಬರಲ್ಲಿ ಕಾಣುತ್ತದೆ. ಡೈರಿ ಮುಂದೆ ಎಲ್ಲರ ಎದುರು ಅವರು ಸುಮ್ನೆ ಸುಸ್ತು ಅಂತ ಮಾತ್ರ ಹೇಳುತ್ತಾರೆ. ವ್ಯಾನ್ ಒಳಗೆ ಕರೆದು ಪರದೆ ಎಳೆದ ಮೇಲೆ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು, ಬಿಳಿ ಸೆರಗು, ಗರ್ಭಕೋಶ ಜಾರಿರುವುದು, ಎಲ್ಲಾ ಹೊರಗೆ ಬರುತ್ತದೆ. ಹಾಗಾಗಿ ಗಾಡಿಯಲ್ಲಿ ಒಂದು ಪರದೆ, ಒಬ್ಬ ಹೆಣ್ಣು ಡಾಕ್ಟರ್ ಅಥವಾ ಅನುಭವ ಇರುವ ನರ್ಸ್ ಇರಲೇಬೇಕು. ದುಬಾರಿ ಮೆಷಿನ್ ಆಮೇಲೆ ತರಬಹುದು.

ಸಾವನದುರ್ಗದ ಕಡೆ ಇರುಳಿಗ ಬುಡಕಟ್ಟಿನವರ ಒಂದು ಕಾಲೋನಿಗೆ ಹೋದಾಗ ಇನ್ನೊಂದು ಪಾಠ ಕಲಿತೆವು. ಎಲ್ಲರಿಗೂ ಆನ್‌ಲೈನ್‌ನಲ್ಲಿ ಹೆಲ್ತ್ ಐಡಿ ಮಾಡಿಸಿ ಚೀಟಿ ಕೊಡೋಣ ಅಂತ ನಮ್ಮ ಒಬ್ಬ ಡಾಕ್ಟರ್ ಹೊರಟರು. ಅಲ್ಲಿ ನೆಟ್‌ವರ್ಕ್ ಇಲ್ಲ. ಆಧಾರ್‌ಗೆ ಸೇರಿಸಿದ ನಂಬರಿನ ಫೋನು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಒಟಿಪಿ ಅವನಿಗೆ ಹೋಗುತ್ತದೆ. ಎರಡು ಗಂಟೆಯಲ್ಲಿ ಮೂರು ಜನಕ್ಕೆ ಆಯಿತು, ಮಿಕ್ಕವರು ಕಾದು ಕಾದು ಕೆಲಸಕ್ಕೆ ಹೊರಟುಹೋದರು. ಈಗ ಒಂದು ನೂರು ಪುಟದ ನೋಟ್‌ಬುಕ್ ಇದೆ, ಅದು ಅಂಗನವಾಡಿ ಟೀಚರ್ ಹತ್ತಿರ ಇರುತ್ತದೆ, ಪ್ರತಿಯೊಬ್ಬರಿಗೂ ಒಂದು ಪುಟ. ಕಂಪ್ಯೂಟರ್ ಬೇಡ ಅಂತ ನಾನು ಹೇಳುವುದಿಲ್ಲ. ನೆಟ್‌ವರ್ಕ್ ಬಂದ ಮೇಲೆ ಸಂಜೆ ಕೂತು ಅದರಲ್ಲಿ ಹಾಕಿ. ಆದರೆ ಸರ್ವರ್ ಡೌನ್ ಅಂತ ಯಾರನ್ನೂ ಮಾತ್ರೆ ಕೊಡದೆ ಕಳಿಸಬೇಡಿ.

ಇದೆಲ್ಲ ಆಗದ ಮಾತು ಅಂತ ಯಾರಾದರೂ ಹೇಳಿದರೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಡಾಕ್ಟರ್ ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಟ್ಟಿಗಳಿಗೆ, ತಾವೇ ಹೋದರು. 1984ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಕಾಡಿನ ಹಾಡಿಗಳಲ್ಲಿ ಇದೇ ದಾರಿ ಹಿಡಿಯಿತು, ಅದನ್ನು ಕಟ್ಟಿದವರು ಆಗಿನ್ನೂ ಮೈಸೂರಿನ ಮೆಡಿಕಲ್ ಕಾಲೇಜಿನ ಹುಡುಗರು. ಇವರು ಒಂದು ಸಲ ಹೋಗಿ ಬಂದವರಲ್ಲ. ಮತ್ತೆ ಮತ್ತೆ ಹೋದರು, ಅಲ್ಲೇ ಇದ್ದರು, ಅದಕ್ಕೇ ಕಾಡಿನ ಜನ ನಂಬಿದರು.

ಸರ್ಕಾರವೂ 2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಶುರು ಮಾಡಿತು. ಮನೆ ಮನೆಗೆ ಹೋಗಿ 30 ದಾಟಿದವರ ಬಿಪಿ, ಶುಗರ್ ನೋಡುವುದು ತುಂಬಾ ಒಳ್ಳೆಯ ಕೆಲಸ. ಈ ಮನೆ ಭೇಟಿಗೆ ತಿಂಗಳ ಗಾಡಿಯನ್ನು ಜೋಡಿಸಿ. ಆಶಾ ಅಕ್ಕ ಮನೆಯಲ್ಲಿ ಹೆಸರು ಬರೆದುಕೊಂಡವರು ಗಾಡಿ ಹತ್ತಿರ ಬಂದರೋ ಇಲ್ಲವೋ ಅಂತ ಅದೇ ದಿನ ತಾಳೆ ನೋಡಿ. ಬರದವರ ಮನೆಗೆ ಅವರೇ ಹೋಗಿ ಮಾತ್ರೆ ತಲುಪಿಸಲಿ. ಆ ಓಡಾಟಕ್ಕೆ ಆಶಾ ಅಕ್ಕನಿಗೆ ಬೇರೆ ದುಡ್ಡು ಕೊಡಬೇಕು, ಪುಕ್ಕಟೆ ಮಾಡಿಸಬಾರದು.

ಕಂಪನಿಗಳವರಿಗೆ ಒಂದು ಮಾತು. ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ದುಡ್ಡಿನಲ್ಲಿ ವ್ಯಾನ್ ಕೊಡಿಸುತ್ತೀರಿ, ಸಂತೋಷ. ವ್ಯಾನ್ ಮೇಲೆ ನಿಮ್ಮ ಹೆಸರು ಬರೆಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಬರೀ ವ್ಯಾನ್ ಕೊಟ್ಟರೆ ಅದು ಎಲ್ಲೋ ಒಂದು ಕಾಂಪೌಂಡಿನಲ್ಲಿ ಟೈರ್ ಗಾಳಿ ಇಳಿದು ನಿಲ್ಲುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಡೀಸೆಲ್, ಡ್ರೈವರ್ ಸಂಬಳ, ಶುಗರ್ ನೋಡುವ ಸ್ಟ್ರಿಪ್, ಇನ್ಸುಲಿನ್ ಇಡಲು ಐಸ್ ಬಾಕ್ಸ್, ಇವೆಲ್ಲ ತಿಂಗಳು ತಿಂಗಳು ಬೇಕು. ಎರಡು ವ್ಯಾನ್ ಕೊಡುವ ಬದಲು ಒಂದು ವ್ಯಾನ್ ಕೊಟ್ಟು ಅದರ ಐದು ವರ್ಷದ ಖರ್ಚು ಕೊಡಿ. ಫೋಟೋದಲ್ಲಿ ಡೀಸೆಲ್ ಕಾಣುವುದಿಲ್ಲ ಅಂತ ಗೊತ್ತು, ಆದರೂ ಕೇಳುತ್ತಿದ್ದೇನೆ. ಡ್ರೈವರ್‌ಗೆ ಸಂಬಳ ಸರಿಯಾಗಿ ಕೊಡಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಮಳೆ ಬಂದರೆ ಯಾವ ಹಳ್ಳ ದಾಟಲು ಆಗುವುದಿಲ್ಲ, ಇದೆಲ್ಲ ಅವರ ತಲೆಯಲ್ಲಿ ಇರುತ್ತದೆ. ಗುತ್ತಿಗೆ ಮುಗಿಯಿತು ಅಂತ ಅವರನ್ನು ಕಳಿಸಿದರೆ ಅಷ್ಟೂ ಅವರ ಜೊತೆಗೇ ಹೋಗುತ್ತದೆ.

ಇಲಾಖೆಯವರು ಇವತ್ತೇ ದುಡ್ಡಿಲ್ಲದೆ ಮಾಡಬಹುದಾದ ಒಂದು ಕೆಲಸ ಇದೆ. ಪ್ರತಿ ಗಾಡಿ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಊರಿಗೆ ಹೋಗುತ್ತದೆ ಅಂತ ಇಡೀ ವರ್ಷದ ಪಟ್ಟಿ ಮಾಡಿ, ಆ ಊರಿನ ಡೈರಿ ಗೋಡೆಗೆ, ಗ್ರಾಮ ಪಂಚಾಯಿತಿ ಗೋಡೆಗೆ ಬಣ್ಣದಲ್ಲಿ ಬರೆಸಿ. ಪೇಪರ್ ಅಂಟಿಸಿದರೆ ಮಳೆಗೆ ಹೋಗುತ್ತದೆ. ಗೋಡೆ ಮೇಲೆ ಬರೆದ ದಿನ ಗಾಡಿ ಬರದಿದ್ದರೆ ಊರಿನವರು ಕೇಳುತ್ತಾರೆ, ಕೇಳಲಿ.

ದೊಡ್ಡಮ್ಮ ಈಗ ಚೆನ್ನಾಗಿದ್ದಾರೆ. ಹಿಂದಿನ ತಿಂಗಳು ಬರಿ ಹೊಟ್ಟೆಯ ಶುಗರ್ 128 ಬಂತು. ಮೆತ್ತನೆಯ ಚಪ್ಪಲಿ ಕೊಡಿಸಿದ್ದೇನೆ, ಹೊಲಕ್ಕೆ ಹೋಗುವ ಮೊದಲು ಅದನ್ನು ಕೊಡವಿ, ಕೈ ಹಾಕಿ ತಡವಿ ನೋಡಿ ಹಾಕಿಕೊಳ್ಳುತ್ತಾರೆ. ಸಂಜೆ ಮೊಮ್ಮಗಳು ಟಾರ್ಚ್ ಹಿಡಿದು ಪಾದ ನೋಡುತ್ತಾಳೆ.

ನಮ್ಮ ವ್ಯಾನ್ ಮುಂದಿನ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ದೊಡ್ಡಮ್ಮನ ಊರಿನ ಡೈರಿ ಮುಂದೆ ಇರುತ್ತದೆ. ಇಲಾಖೆಯಿಂದ ಯಾರಾದರೂ ಬಂದು ಒಂದೆರಡು ಗಂಟೆ ನಮ್ಮ ಜೊತೆ ಕೂತು ನೋಡಿದರೆ ನಮಗೆ ತುಂಬಾ ಸಂತೋಷ. ಐದು ಗಂಟೆಗೆ ಸುಮನಹಳ್ಳಿ ಹತ್ತಿರ ಸಿಕ್ಕರೆ ವ್ಯಾನ್‌ನಲ್ಲಿ ಒಂದು ಸೀಟು ಇಟ್ಟಿರುತ್ತೇವೆ.

ಇಂತಿ,
ಸುಂಕದಕಟ್ಟೆಯ ಒಬ್ಬ ಫಾರ್ಮಸಿಸ್ಟ್